ಅಳುವ ಮಗುವಿಗೆ ಗುಮ್ಮನ ಹೆದರಿಕೆ ಏಕೆ?

ಜೂನ್ ತಿಂಗಳಲ್ಲಿ ಯಾವ ಅಂಗನವಾಡಿಗೆ ಹೋದರೂ ಹೊಸ್ತಿಲಲ್ಲೇ ಅಳು ಕೇಳಿಸುತ್ತದೆ. ಮೂರು ವರ್ಷದ ಮಗು ಅಮ್ಮನ ಸೆರಗು ಬಿಡುವುದಿಲ್ಲ. ‘ಸುಮ್ನಿರು, ಗುಮ್ಮ ಬರ್ತಾನೆ’, ‘ಗಂಡುಮಕ್ಳು ಅಳ್ತಾರಾ?’, ‘ನೋಡು, ಅವಳೆಷ್ಟು ಜಾಣೆ’. ಇವುಗಳಲ್ಲಿ ಒಂದು ಮಾತಾದರೂ ಅಲ್ಲಿ ಬಂದೇ ಬರುತ್ತದೆ. ಮಗು ಸುಮ್ಮನಾಗಬಹುದು, ಆದರೆ ಅದರೊಳಗಿನ ಭಯ ಹಾಗೇ ಉಳಿಯುತ್ತದೆ.

ಅನುಭವಿ ಟೀಚರ್ ಹಾಗೆ ಮಾಡುವುದಿಲ್ಲ. ಮಗುವಿನ ಎದುರು ಕೂತು, ‘ಅಮ್ಮ ಹೋದ್ರು ಅಂತ ಬೇಜಾರಾಯ್ತಾ? ಊಟ ಆದ್ಮೇಲೆ ಬರ್ತಾರೆ’ ಎನ್ನುತ್ತಾರೆ. ತನಗೇನಾಗುತ್ತಿದೆ ಎಂಬುದಕ್ಕೆ ಮಗುವಿಗೊಂದು ಮಾತು ಸಿಕ್ಕಿತು. ಗಡಿಯಾರ ತಿಳಿಯದ ವಯಸ್ಸಿಗೆ ‘ಊಟ ಆದ್ಮೇಲೆ’ ಎನ್ನುವುದೇ ಸಮಯ. ಅಮ್ಮ ಕಣ್ಣು ತಪ್ಪಿಸಿ ಹೊರಟರೆ ಮಾತ್ರ ಮರುದಿನ ಮಗು ಇನ್ನಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹೇಳಿಯೇ ಹೋಗಬೇಕು, ಹೇಳಿದ ಹೊತ್ತಿಗೆ ಬರಬೇಕು.

ಚೆಂಡಿಗಾಗಿ ಇಬ್ಬರು ಕಿತ್ತಾಡಿದಾಗಲೂ ಅಷ್ಟೇ. ‘ಸಾರಿ ಹೇಳು’ ಎಂದು ಗದರಿದರೆ ಮಗು ಹೇಳುತ್ತದೆ, ಮರುಕ್ಷಣ ಮತ್ತೆ ದೂಡುತ್ತದೆ. ‘ಅವನ್ಯಾಕೆ ಅಳ್ತಿದ್ದಾನೆ? ಈಗ ಏನ್ಮಾಡೋಣ?’ ಎಂದು ಕೇಳಿದರೆ ಅದು ಎದುರಿನವನ ಮುಖ ನೋಡುತ್ತದೆ. ಸರದಿ ಕಾಯುವುದು, ಕೊಟ್ಟು ತೆಗೆದುಕೊಳ್ಳುವುದು ಶುರುವಾಗುವುದೇ ಅಲ್ಲಿಂದ. ಚಾಳಿ ಠೂ ಬಿಟ್ಟವರು ಊಟದ ಸಾಲಿನಲ್ಲಿ ತಾವೇ ಒಂದಾಗುವುದೂ ಉಂಟು. ದೊಡ್ಡವರು ಅವಸರದಲ್ಲಿ ನ್ಯಾಯ ಹೇಳಬಾರದು.

ಇದೇನು ಹೊಸ ಮಾತಲ್ಲ. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಕಟ್ಟಿದ ಗಿಜುಭಾಯಿ ಬಧೇಕಾ, ಮಕ್ಕಳ ಕಲಿಕೆಗೆ ಶಿಕ್ಷೆಯ ಭಯವೂ ಬೇಡ, ಬಹುಮಾನದ ಆಸೆಯೂ ಬೇಡ ಎಂದಿದ್ದರು. ನಮ್ಮ ಅಂಗನವಾಡಿಗಳಿಗೆ ಮೂಲವಾದ, 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಮಗುವಿನ ಮಾನಸಿಕ, ಸಾಮಾಜಿಕ ಬೆಳವಣಿಗೆಗೆ ಅಡಿಪಾಯ ಹಾಕುವುದು ಅದರ ಉದ್ದೇಶಗಳಲ್ಲೇ ಇದೆ. ನಮಗೆ ನೆನಪಿರುವುದು ಮೊಟ್ಟೆ ಮತ್ತು ತೂಕದ ಲೆಕ್ಕ. ಅವೂ ಬೇಕು, ಹಸಿದ ಮಗು ಹಂಚಿ ತಿನ್ನುವುದನ್ನು ಹೇಗೆ ಕಲಿತೀತು?

ಆದರೆ ಮಗುವಿನ ಮುಂದೆ ಕೂತು ಮಾತಾಡಲು ಟೀಚರಿಗೆ ಪುರುಸೊತ್ತು ಬೇಕು. ಸಮೀಕ್ಷೆ, ರಿಜಿಸ್ಟರು, ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಾಹಿತಿ ತುಂಬುವುದು, ಇವೇ ಅವರ ಬೆಳಗನ್ನು ನುಂಗಿದರೆ ಮಕ್ಕಳಿಗೆ ಉಳಿಯುವುದೇನು? ಜೊತೆಗೆ ‘ಇನ್ನೂ ಅಆಇಈ ಬರೆಸಿಲ್ವಾ?’ ಎಂಬ ಪೋಷಕರ ಒತ್ತಾಯ ಬೇರೆ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇದೆ. ಮುಂದಿನ ಸಭೆಗೆ ತಪ್ಪದೆ ಹೋಗಿ. ಎಷ್ಟು ಅಕ್ಷರ ಕಲಿಸಿದಿರಿ ಎಂದು ಕೇಳುವ ಮೊದಲು, ಮಕ್ಕಳ ಜೊತೆ ಇರಲು ನಿಮಗೆ ಎಷ್ಟು ಹೊತ್ತು ಸಿಗುತ್ತಿದೆ ಎಂದು ಟೀಚರನ್ನು ಕೇಳಿ.