ಇಳಿಜಾರು ಹಿತ್ತಲಿಗೆ ಹಂತದ ಡೆಕ್: ಮೊದಲು ನೀರು, ಆಮೇಲೆ ಹಲಗೆ

ಕಲೂರಿನಿಂದ ಮಾತಾಡ್ತಾ ಇದ್ದೀನಿ. ಸ್ಟೇಡಿಯಂ ಸುತ್ತಮುತ್ತ ಇರೋ ನಮಗೆ ಇಳಿಜಾರು ಅಂದ್ರೆ ಫ್ಲೈಓವರ್ ಮಾತ್ರ. ಇಲ್ಲಿ ನೆಲ ತಟ್ಟೆಯ ಹಾಗಿದೆ, ಮಳೆ ಬಂದ್ರೆ ನೀರು ನಿಲ್ಲೋದೇ ತಲೆನೋವು. ಆದರೆ ಬಾಡಿಗೆ ಫ್ಲ್ಯಾಟ್ ಸಾಕು, ಸ್ವಂತದ್ದು ಮಾಡೋಣ ಅಂತ ಹೊರಟ ನಮ್ಮವರು ಹೆಚ್ಚಾಗಿ ಹೋಗೋದು ಇನ್ಫೋಪಾರ್ಕ್ ಇರೋ ಕಾಕ್ಕನಾಡಿನ ಕಡೆಗೆ. ಅಲ್ಲಿ ಗುಡ್ಡ ಇದೆ, ಕೆಂಪುಕಲ್ಲಿದೆ, ಐದಾರು ಸೆಂಟಿನ ಓರೆ ಜಾಗಗಳಿವೆ. ತಿರುವನಂತಪುರದಲ್ಲಿರೋ ಗೆಳೆಯರ ಕಥೆಯೂ ಬಹುಮಟ್ಟಿಗೆ ಇದೇ. ಇನ್ನು ಊರಿನ ಮನೆ ಪುತ್ತೂರು, ಮಡಿಕೇರಿ, ತೀರ್ಥಹಳ್ಳಿ, ಶಿರಸಿ ಕಡೆ ಇದ್ದರಂತೂ ಹಿತ್ತಲು ಅಂದ್ರೇನೇ ಧರೆ.

ಹಾಗಾಗಿ ಇವತ್ತಿನ ವಿಷಯ: ಇಳಿಜಾರಾಗಿರೋ ಹಿತ್ತಲಿನಲ್ಲಿ ಎರಡು ಮೂರು ಮಟ್ಟದ ಡೆಕ್ ಕಟ್ಟೋದು ಹೇಗೆ. ಯಾವ ಮರ, ಯಾವ ಪಾಲಿಶ್ ಅಂತ ಕೇಳೋರೇ ಜಾಸ್ತಿ. ಅದನ್ನೂ ಹೇಳ್ತೀನಿ, ಕೊನೆಗೆ. ಯಾಕಂದ್ರೆ ಇಳಿಜಾರಿನಲ್ಲಿ ಕೆಲಸ ಕೆಡೋದು ಮರದಿಂದಲ್ಲ, ನೀರಿನಿಂದ.

ಒಂದು ಹಿತ್ತಲಿನ ಲೆಕ್ಕ

ಶಿವಮೊಗ್ಗ ಕಡೆಯ ನನ್ನ ಗೆಳೆಯನೊಬ್ಬ ಕಾಕ್ಕನಾಡಿನಲ್ಲಿ ಆರು ಸೆಂಟ್ ಜಾಗದಲ್ಲಿ ಮನೆ ಮಾಡಿದ. ರಸ್ತೆ ಮೇಲ್ಗಡೆ ಇದೆ, ಹಿತ್ತಲು ಕೆಳಕ್ಕೆ ಇಳಿಯುತ್ತೆ. ಮನೆಯ ಹಿಂಬಾಗಿಲಿನಿಂದ ಗಡಿಯವರೆಗೆ 30 ಅಡಿ ಉದ್ದ, ಅಷ್ಟರೊಳಗೆ 9 ಅಡಿ ಇಳಿತ. ಇದನ್ನು ಅಳೆಯೋಕೆ ದೊಡ್ಡ ಯಂತ್ರ ಬೇಡ. ಮೇಸ್ತ್ರಿಗಳ ಹತ್ತಿರ ನೀರು ತುಂಬಿದ ಪಾರದರ್ಶಕ ಟ್ಯೂಬ್ ಇರುತ್ತಲ್ಲ, ಅದೇ ಸಾಕು. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ, ನೆಲದಿಂದ ಎತ್ತರ ಅಳೆದು ಕಳೆದರೆ ಇಳಿತ ಸಿಕ್ಕಿತು.

ಜೆಸಿಬಿಯವರು ಬಂದು ನೋಡಿ ಒಂದೇ ಮಾತಲ್ಲಿ ಮುಗಿಸಿದರು: 'ಗಡಿಗೆ ಒಂಬತ್ತು ಅಡಿ ಗೋಡೆ ಎಬ್ಬಿಸಿ, ಮಣ್ಣು ತುಂಬಿಸಿ, ಮಟ್ಟ ಮಾಡಿ, ಮೇಲೆ ಟೈಲ್ಸ್ ಹಾಕಿ.' ಕೇಳೋಕೆ ಚೆನ್ನಾಗಿದೆ. ಆದರೆ ಆ ಗಡಿಯಿಂದ ನಾಲ್ಕೇ ಅಡಿ ದೂರದಲ್ಲಿ, ಕೆಳಗಿನ ಮಟ್ಟದಲ್ಲಿ, ಇನ್ನೊಂದು ಮನೆಯ ಅಡುಗೆಮನೆ ಇದೆ. ಆ ಮನೆಯ ಅಮ್ಮಚ್ಚಿ ಮೇಲೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: 'ಮೋನೇ, ಆ ಮಣ್ಣೆಲ್ಲ ಮಳೆಗಾಲದಲ್ಲಿ ನಮ್ಮ ಮೇಲೆ ಬರಲ್ಲ ತಾನೇ?' ಯಾವ ಎಂಜಿನಿಯರೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಉತ್ತರಕ್ಕೆ ಸ್ವಲ್ಪ ಹೈಸ್ಕೂಲ್ ಗಣಿತ ಬೇಕು. ಮಣ್ಣು ತಡೆಯುವ ಗೋಡೆಯ ಮೇಲೆ ಬೀಳುವ ಒಟ್ಟು ತಳ್ಳು ಎತ್ತರದ ವರ್ಗದ ಲೆಕ್ಕದಲ್ಲಿ ಏರುತ್ತೆ. 3 ಅಡಿ ಗೋಡೆಗಿಂತ 9 ಅಡಿ ಗೋಡೆ ಮೂರು ಪಟ್ಟು ಎತ್ತರ, ಆದರೆ ತಳ್ಳು ಒಂಬತ್ತು ಪಟ್ಟು. ಗೋಡೆಯನ್ನು ಬುಡದಿಂದ ಮಗುಚುವ ಶಕ್ತಿಯಂತೂ ಇಪ್ಪತ್ತೇಳು ಪಟ್ಟು. ಇದು ಒಣ ಮಣ್ಣಿನ ಲೆಕ್ಕ. ಒಣ ಮಣ್ಣು ತನ್ನ ಭಾರದ ಸುಮಾರು ಮೂರನೇ ಒಂದು ಭಾಗವನ್ನಷ್ಟೇ ಪಕ್ಕಕ್ಕೆ ತಳ್ಳುತ್ತೆ. ನೀರು ಹಾಗಲ್ಲ, ಕೆಳಕ್ಕೆ ಎಷ್ಟೋ ಪಕ್ಕಕ್ಕೂ ಅಷ್ಟೇ. ಗೋಡೆಯ ಹಿಂದೆ ನೀರು ತುಂಬಿಕೊಂಡರೆ ಒಟ್ಟು ತಳ್ಳು ಎರಡು ಪಟ್ಟಿಗೂ ಹೆಚ್ಚಾಗುತ್ತೆ. ಜನವರಿಯಲ್ಲಿ ಗಟ್ಟಿಯಾಗಿ ನಿಂತ ಗೋಡೆ ಜುಲೈಯಲ್ಲಿ ಹೊಟ್ಟೆ ಬಿಡೋದು ಇದಕ್ಕೇ.

ಕೆಂಪುಕಲ್ಲು ನಂಬಿಸಿ ಕೈಕೊಡುವ ಜಾಗ

'ನಮ್ಮದು ಕೆಂಪುಕಲ್ಲಿನ ನೆಲ, ಬಂಡೆ ಹಾಗೆ ಗಟ್ಟಿ' ಅನ್ನೋ ಮಾತು ಎಲ್ಲರ ಬಾಯಲ್ಲೂ ಇದೆ. ಈ ಕಲ್ಲಿಗೆ ಲ್ಯಾಟರೈಟ್ ಅನ್ನೋ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಮೈಸೂರು, ಕೆನರಾ, ಮಲಬಾರ್ ಸುತ್ತಿ 1807ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಇಂದಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂ ಕಲ್ಲನ್ನು ನೋಡಿ ಆ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಅದರ ಮೂಲ ಅರ್ಥ ಇಟ್ಟಿಗೆ. ನೆಲದೊಳಗೆ ಮೆತ್ತಗಿದ್ದು, ಕಡಿದು ಗಾಳಿಗಿಟ್ಟ ಮೇಲೆ ಗಟ್ಟಿಯಾಗೋದು ಅದರ ಗುಣ.

ಆದರೆ ಗಟ್ಟಿ ಇರೋದು ಮೇಲಿನ ಪದರ. ಅದರ ಕೆಳಗೆ ಹಲವು ಕಡೆ ಬಿಳಿಯೋ ತಿಳಿಗೆಂಪೋ ಬಣ್ಣದ ಜೇಡಿ ಮಣ್ಣಿರುತ್ತೆ. ದಕ್ಷಿಣ ಕನ್ನಡದವರು ಇದನ್ನು ಶೇಡಿ ಮಣ್ಣು ಅಂತಾರೆ. ಒಣಗಿದಾಗ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತೆ, ನೆಂದಾಗ ಅಂಬಲಿಯ ಹಾಗೆ ಹರಿಯುತ್ತೆ. ಗುಡ್ಡವನ್ನು ನೆಟ್ಟಗೆ ಕಡಿದಾಗ ನಾವು ಮೇಲಿನ ಟೊಪ್ಪಿ ತೆಗೆದು ಈ ಮಣ್ಣನ್ನು ಮಳೆಗೆ ಒಡ್ಡುತ್ತೇವೆ.

2018ರ ಆಗಸ್ಟ್‌ನ ಕೊಡಗು, 2024ರ ಜುಲೈ 16ರ ಶಿರೂರು, ಅದೇ ತಿಂಗಳ 30ರ ವಯನಾಡು ನಮಗೆಲ್ಲ ನೆನಪಿದೆ. ಆ ದೊಡ್ಡ ಗುಡ್ಡಗಳನ್ನೂ ಆರು ಸೆಂಟ್ ಹಿತ್ತಲನ್ನೂ ಒಂದೇ ತಕ್ಕಡಿಗೆ ಹಾಕೋದು ಸರಿಯಲ್ಲ. ಆದರೆ ನೆಂದ ಇಳಿಜಾರು ಭಾರವಾಗುತ್ತೆ, ಹಿಡಿತ ಕಳೆದುಕೊಳ್ಳುತ್ತೆ ಅನ್ನೋ ಪಾಠ ಎರಡಕ್ಕೂ ಒಂದೇ.

ಬೇಕರ್ ಮಾಡಿದ್ದೇನು

ತಿರುವನಂತಪುರಕ್ಕೆ ಹೋದವರು ತಂಪಾನೂರಿನ ಇಂಡಿಯನ್ ಕಾಫಿ ಹೌಸ್ ನೋಡಿರ್ತೀರಿ. ಕೆಂಪು ಗೋಪುರದ ಹಾಗಿರೋ ಆ ಕಟ್ಟಡದೊಳಗೆ ನೆಲವೇ ಸುತ್ತಿ ಸುತ್ತಿ ಏರುತ್ತೆ, ಪಕ್ಕದಲ್ಲೇ ಟೇಬಲ್‌ಗಳು. ಅದನ್ನು ವಿನ್ಯಾಸ ಮಾಡಿದವರು ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ, 2007ರಲ್ಲಿ ತಿರುವನಂತಪುರದಲ್ಲೇ ತೀರಿಕೊಂಡವರು. ಅವರ ಸ್ವಂತ ಮನೆ 'ದಿ ಹ್ಯಾಮ್ಲೆಟ್' ಇರೋದು ನಾಲಾಂಚಿರದಲ್ಲಿ, ಕಡಿದಾದ ಕಲ್ಲುಗುಡ್ಡದ ಮೇಲೆ. ಗುಡ್ಡ ಹೇಗಿದೆಯೋ ಹಾಗೇ ಬಿಟ್ಟು, ಅದರ ಏರಿಳಿತಕ್ಕೆ ತಕ್ಕಂತೆ ಮನೆಯನ್ನು ಸ್ವಲ್ಪ ಸ್ವಲ್ಪವಾಗಿ ಬೆಳೆಸಿದರು. ಕಡಿಮೆ ಖರ್ಚಿನ ಮನೆ ಬಗ್ಗೆ ಅವರು ಒತ್ತಿ ಹೇಳುತ್ತಿದ್ದ ಸರಳ ಮಾತು: ಇಳಿಜಾರಿನಲ್ಲಿ ಕಟ್ಟಡವನ್ನು ಇಳಿತಕ್ಕೆ ಅಡ್ಡಲಾಗಿ, ಒಂದೇ ಮಟ್ಟದ ಗೆರೆ ಹಿಡಿದು ಉದ್ದಕ್ಕೆ ಇಡಿ. ಅಗೆತವೂ ಕಡಿಮೆ, ತುಂಬಿಸೋದೂ ಕಡಿಮೆ.

ನಮ್ಮ ಮಲೆನಾಡಿನ ಗದ್ದೆಯೂ ಇದೇ ಅಲ್ವಾ? ಗುಡ್ಡವನ್ನು ಒಂದೇ ಮಟ್ಟ ಮಾಡಲು ಯಾರೂ ಹೋಗಲಿಲ್ಲ. ಸಣ್ಣ ಸಣ್ಣ ಮಡಿ, ಮಧ್ಯೆ ಬದು, ನೀರು ಒಂದರಿಂದ ಇನ್ನೊಂದಕ್ಕೆ ಇಳಿಯೋಕೆ ದಾರಿ.

ಕೊನೆಗೆ ಕಟ್ಟಿದ್ದು ಹೀಗೆ

ಡೆಕ್‌ನ ದೊಡ್ಡ ಗುಣ ಏನಂದ್ರೆ, ಅದು ಕಂಬದ ಮೇಲೆ ನಿಲ್ಲುತ್ತೆ. ಮಣ್ಣು ಕಡಿಯದೆ, ತುಂಬಿಸದೆ ಸಮತಟ್ಟು ಜಾಗ ಸಿಗುತ್ತೆ. ಗೆಳೆಯನ 30 ಅಡಿಯನ್ನು 10 ಅಡಿಯ ಮೂರು ಭಾಗ ಮಾಡಿದೆವು. ಪ್ರತಿ ಭಾಗದಲ್ಲಿ 3 ಅಡಿ ಇಳಿತ.

ಮೊದಲ ಡೆಕ್ ಹಿಂಬಾಗಿಲಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಮಳೆನೀರು ಒಳಗೆ ಎರಚದ ಹಾಗೆ. ಮನೆ ಕಡೆ ಅದು ನೆಲಕ್ಕೆ ಹತ್ತಿರ, ಹೊರ ಅಂಚಿನಲ್ಲಿ ಸುಮಾರು 3 ಅಡಿ ಎತ್ತರ. ಎರಡನೇ ಡೆಕ್ ಅದಕ್ಕಿಂತ 3 ಅಡಿ ಕೆಳಗೆ. ಮಧ್ಯೆ ಮೆಟ್ಟಿಲು: ಒಂದೊಂದು 6 ಇಂಚಿನಂತೆ ಆರು ಏರು, ಕಾಲಿಡುವ ಜಾಗ 12 ಇಂಚು. ವಯಸ್ಸಾದವರೂ ಆರಾಮಾಗಿ ಇಳೀತಾರೆ. ಮೂರನೇ ಭಾಗ, ಅಂದ್ರೆ ಗಡಿ ಕಡೆಯ 10 ಅಡಿಯಲ್ಲಿ ಡೆಕ್ ಇಲ್ಲ. ಅಲ್ಲಿ ಮೊಣಕಾಲೆತ್ತರದ, ಒಂದೂವರೆ ಅಡಿಯ ಎರಡು ಕೆಂಪುಕಲ್ಲಿನ ಕಟ್ಟೆ, ನಡುವೆ ಲಾವಂಚ. ಒಂದೂವರೆ ಅಡಿ ಗೋಡೆಯ ಮೇಲಿನ ತಳ್ಳು 9 ಅಡಿ ಗೋಡೆಯದರ ಮೂವತ್ತಾರನೇ ಒಂದು ಭಾಗ. ಒಂದು ಕಟ್ಟೆಗೂ ಮುಂದಿನದಕ್ಕೂ ಅಂತರ ಕಟ್ಟೆಯ ಎತ್ತರದ ಎರಡು ಪಟ್ಟಾದರೂ ಇರಲಿ, ಇಲ್ಲದಿದ್ದರೆ ಮೇಲಿನದರ ಭಾರವೂ ಕೆಳಗಿನದರ ತಲೆ ಮೇಲೆ ಬರುತ್ತೆ.

ಕಂಬದ ಗುಂಡಿ ಬಗ್ಗೆ ಮೂರು ಮಾತು. ಗುಂಡಿಯ ತಳ ಇಳಿಜಾರಾಗಿರಬಾರದು, ಸಮತಟ್ಟಾಗಿ ತೆಗೆಯಿರಿ. ಸಡಿಲ ಮಣ್ಣು ದಾಟಿ ಗಟ್ಟಿ ನೆಲ ಸಿಗೋವರೆಗೆ ಹೋಗಿ, ತುಂಬಿಸಿದ ಮಣ್ಣಿನಲ್ಲಿ ಕಂಬ ನಿಲ್ಲಿಸಲೇಬೇಡಿ. ಕಾಂಕ್ರೀಟ್ ಪೀಠ ನೆಲದಿಂದ 6 ಇಂಚು ಮೇಲೆ ಬರಲಿ, ಕಂಬದ ಬುಡ ಒದ್ದೆ ಮಣ್ಣಿಗೆ ತಾಗದಿರಲಿ. ಮನೆಯ ಗೋಡೆಗೆ ಬೋಲ್ಟ್ ಹೊಡೆದು ಡೆಕ್ ನೇತುಹಾಕೋದು ಬೇಡ. ಕೆಂಪುಕಲ್ಲಿನಲ್ಲಿ ಬೋಲ್ಟ್ ಸಡಿಲವಾಗುತ್ತೆ, ಆ ತೂತಿನಿಂದಲೇ ನೀರು ಒಳಗೆ ಇಳಿಯುತ್ತೆ. ಮನೆ ಪಕ್ಕದಲ್ಲೂ ಒಂದು ಸಾಲು ಕಂಬ ಕೊಡಿ. ಕಂಬಗಳ ನಡುವೆ ಓರೆಪಟ್ಟಿ ಇರಲಿ, ಇಲ್ಲದಿದ್ದರೆ ಮಕ್ಕಳು ಕುಣಿದಾಗ ಇಡೀ ಡೆಕ್ ಅಲ್ಲಾಡುತ್ತೆ.

ಭಾರದ ಲೆಕ್ಕವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರವೇ ಮಾಡಿಸಿ. ಬಾಲ್ಕನಿಗೆ ಹಿಡಿಯೋ ಹಾಗೆ ಚದರ ಮೀಟರಿಗೆ ಸುಮಾರು 300 ಕಿಲೋ ಹಿಡಿದಿದ್ದಾರಾ ಅಂತ ಕೇಳಿ. ರಾಜ್ಯೋತ್ಸವಕ್ಕೆ ಮೂವತ್ತು ಜನ ಒಂದೇ ಮೂಲೆಯಲ್ಲಿ ಫೋಟೋಗೆ ನಿಲ್ತೀವಲ್ಲ, ಆ ದಿನಕ್ಕೆ ಅದು ಬೇಕು. ಕಂಬಿಗಟಕಿ ಮೂರೂವರೆ ಅಡಿ ಎತ್ತರ ಇರಲಿ, ಸರಳುಗಳ ಸಂದು 4 ಇಂಚಿಗಿಂತ ಕಡಿಮೆ ಇರಲಿ, ಮಗುವಿನ ತಲೆ ತೂರಬಾರದು.

ನೀರಿಗೆ ದಾರಿ

1,000 ಚದರಡಿ ತಾರಸಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 9,300 ಲೀಟರ್ ನೀರು. ಅಷ್ಟನ್ನೂ ಹಿಂಭಾಗದ ಪೈಪಿನಲ್ಲಿ ಹಿತ್ತಲಿಗೆ ಬಿಟ್ಟರೆ ಯಾವ ಡೆಕ್ಕೂ ಉಳಿಯಲ್ಲ. ಗೆಳೆಯನ ಮನೆಯಲ್ಲಿ ಮೊದಲು ಮಾಡಿದ ಕೆಲಸ, ತಾರಸಿಯ ನೀರನ್ನೆಲ್ಲ ಮುಂಭಾಗಕ್ಕೆ ತಿರುಗಿಸಿದ್ದು. ಅದು ಸೋಸಿಕೊಂಡು ಟ್ಯಾಂಕಿಗೆ, ಹೆಚ್ಚಾದದ್ದು ರಸ್ತೆಯ ಚರಂಡಿಗೆ. ಇಂಗುಗುಂಡಿಯನ್ನು ಇಳಿಜಾರಿನ ನೆತ್ತಿಯಲ್ಲಿ ತೋಡಬೇಡಿ. ನೀರು ಇಂಗಿಸೋದು ಒಳ್ಳೇ ಕೆಲಸವೇ, ಆದರೆ ಆ ಜಾಗದಲ್ಲಿ ಅದು ಧರೆಯನ್ನು ಒಳಗಿಂದ ನೆನೆಸುತ್ತೆ.

ಹಿತ್ತಲಿಗೆ ನೇರ ಬೀಳುವ ಮಳೆ ಉಳಿಯಿತು. ಹಲಗೆಗಳ ನಡುವೆ 5-6 ಮಿಲಿಮೀಟರ್ ಸಂದು ಬಿಟ್ಟರೆ ಅದು ಕೆಳಗೆ ಇಳಿಯುತ್ತೆ. ಡೆಕ್ ಕೆಳಗಿನ ಮಣ್ಣಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಮೇಲೆ 3-4 ಇಂಚು ಜಲ್ಲಿ ಹಾಕಿ, ಮಣ್ಣು ಕೊಚ್ಚಿ ಹೋಗಲ್ಲ. ಪ್ರತಿ ಕಟ್ಟೆಯ ಹಿಂದೆಯೂ ಜಲ್ಲಿ ತುಂಬಿಸಿ, ಬುಡದಲ್ಲಿ ನೀರು ಹೊರಬರೋಕೆ ತೂತು ಬಿಡಿ. ಆ ನೀರು ಗಡಿಯ ಉದ್ದಕ್ಕೂ ಒಂದು ಕಾಲುವೆಗೆ ಸೇರಿ, ಪಕ್ಕದ ತೋಡಿಗೆ ಹೋಗಲಿ. ಕೆಳಗಿನ ಮನೆಯ ಅಂಗಳಕ್ಕಂತೂ ಬೇಡ.

ಮರ ಮತ್ತು ಮಾತು

ಈಗ ನೀವು ಕಾಯ್ತಾ ಇದ್ದ ಭಾಗ. ಚೌಕಟ್ಟಿಗೆ ಜಿಐ ಟ್ಯೂಬ್ ಒಳ್ಳೇದು, ಆದರೆ ವೆಲ್ಡ್ ಮಾಡಿದಲ್ಲಿ ಸತುವಿನ ಲೇಪ ಸುಟ್ಟುಹೋಗುತ್ತೆ, ಅಲ್ಲಿ ಸತುವಿನ ಪ್ರೈಮರ್ ಬಳಿಸಲೇಬೇಕು, ಟ್ಯೂಬಿನ ಬಾಯಿ ಮುಚ್ಚಿಸಬೇಕು. ಹಲಗೆಗೆ ತೇಗ ದುಬಾರಿ. ಇಲ್ಲಿ ಸಿಗೋ ಆಂಜಿಲಿ ನೋಡಿ. ನಮ್ಮ ಹೆಬ್ಬಲಸೇ ಅದು, ಚುಂಡನ್ ದೋಣಿ ಕಟ್ಟೋದು ಅದರಲ್ಲೇ. ಒಳಗಿನ ಚೇಗು ಮಾತ್ರ ತಗೊಳ್ಳಿ, ಹೊರಗಿನ ಬಿಳಿ ಭಾಗಕ್ಕೆ ಗೆದ್ದಲು ಬೇಗ ಹತ್ತುತ್ತೆ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ.

ಕೆಲಸದವರ ಜೊತೆ ಮಾತಾಡೋಕೆ ಕೆಲವು ಪದ: ಕೆಂಪುಕಲ್ಲು ಇಲ್ಲಿ ವೆಟ್ಟುಕಲ್ಲು, ಗ್ರಾನೈಟ್ ಕಾಡುಗಲ್ಲು ಕರಿಂಗಲ್ಲು, ಜಲ್ಲಿ ಅಂದ್ರೆ ಮೆಟ್ಟಲ್, ಬಡಗಿ ಅಂದ್ರೆ ಆಶಾರಿ, ಗೆದ್ದಲು ಅಂದ್ರೆ ಚಿದಲ್. ಆಶಾರಿಯನ್ನು 'ಚೇಟ್ಟಾ' ಅಂತ ಕರೆದು, ನಕ್ಷೆಯನ್ನು ಕಾಗದದಲ್ಲಿ ಬರೆದು ಕೊಡಿ. ಭಾಷೆಯ ಅರ್ಧ ತೊಂದರೆ ಅಲ್ಲೇ ಮುಗಿಯುತ್ತೆ.

ತುಲಾವರ್ಷ ಮುಗಿದ ಮೇಲೆ, ಡಿಸೆಂಬರ್‌ನಲ್ಲಿ ಶುರು ಮಾಡಿ. ಮೇ ಮುಗಿಯೋದರೊಳಗೆ ನೆಲದ ಕೆಲಸ, ಕಾಲುವೆ ಎರಡೂ ಆಗಿರಬೇಕು. ಜಾಗದಿಂದ ಮಣ್ಣು ಹೊರಗೆ ಸಾಗಿಸೋದಾದ್ರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕಾಗುತ್ತೆ. ಕಾಕ್ಕನಾಡಿನವರು ಕಟ್ಟಡದ ಅನುಮತಿಗೆ ತೃಕ್ಕಾಕ್ಕರ ನಗರಸಭೆಯಲ್ಲಿ ವಿಚಾರಿಸಿ.

ಮೊದಲ ಜೋರು ಮಳೆಗೆ ಕೊಡೆ ಹಿಡಿದು ಕೆಳಗೆ ಹೋಗಿ ನಿಂತು ನೋಡಿ. ತೂತಿನಿಂದ ತಿಳಿನೀರು ಬಂದ್ರೆ ಸರಿ. ಕೆಂಪು ರಾಡಿ ಬರ್ತಾನೇ ಇದ್ದರೆ ಒಳಗಿನ ಮಣ್ಣು ಖಾಲಿಯಾಗ್ತಿದೆ, ಎಂಜಿನಿಯರ್‌ನ ಕರೆಸಿ. ತೂತು ಒಣಗಿದ್ದು ಕಟ್ಟೆ ಬೆವರುತ್ತಿದ್ದರೆ ದಾರಿ ಕಟ್ಟಿಕೊಂಡಿದೆ. ಇಳಿಜಾರಿನ ನೆತ್ತಿಯಲ್ಲಿ ಅಂಚಿಗೆ ಸಮಾನಾಂತರವಾಗಿ ಬಿರುಕು ಕಂಡರೆ ರಾತ್ರಿಯಾದರೂ ಕಾಯಬೇಡಿ. ನೀವೂ ಹೊರಗೆ ಬನ್ನಿ, ಕೆಳಗಿನ ಮನೆಯವರನ್ನೂ ಎಬ್ಬಿಸಿ ಹೊರಗೆ ಕರೆತನ್ನಿ.

ಅದಕ್ಕೇ ಹೇಳೋದು, ಜೆಸಿಬಿಗೆ ಫೋನ್ ಮಾಡೋ ಮೊದಲು ಕೆಳಗಿನ ಮನೆಯವರ ಬಾಗಿಲು ತಟ್ಟಿ, ನಕ್ಷೆ ತೋರಿಸಿ, ಅವರ ಫೋನ್ ನಂಬರ್ ತಗೊಂಡು ಬನ್ನಿ.