ಉಸಿರಿನ ಹಾದಿಯಲ್ಲಿ ವಂಶವಾಹಿ

ಬೆಂಗಳೂರಿನ ಚಾಮರಾಜಪೇಟೆಗೆ ಸಮೀಪದಲ್ಲಿ, ಹಳೆಯ ಕೋಟೆಯ ಮಗ್ಗುಲಿಗೆ, 1935ರಲ್ಲಿ ಪ್ರಾರಂಭವಾದ ವಾಣಿವಿಲಾಸ ಆಸ್ಪತ್ರೆಯಿದೆ. ಅಲ್ಲಿ ಹುಟ್ಟುವ ಶಿಶುವೂ, ಬೇರೆಲ್ಲಿ ಹುಟ್ಟುವ ಶಿಶುವೂ, ಮೊದಲ ಕೆಲವು ನಿಮಿಷಗಳಲ್ಲಿ ಒಂದು ಮಹತ್ಕಾರ್ಯವನ್ನು ನಡೆಸಬೇಕಾಗುತ್ತದೆ. ಗರ್ಭದಲ್ಲಿರುವಾಗ ಶ್ವಾಸಕೋಶಗಳಿಗೆ ಉಸಿರಾಟದ ಕೆಲಸವಿಲ್ಲ. ಅವುಗಳ ರಕ್ತನಾಳಗಳು ಬಿಗಿದುಕೊಂಡಿರುತ್ತವೆ, ರಕ್ತದ ಬಹುಭಾಗವು ಬೇರೆ ದಾರಿ ಹಿಡಿದಿರುತ್ತದೆ. ಮೊದಲ ಉಸಿರಿನೊಡನೆ ಆ ನಾಳಗಳು ಸಡಿಲಗೊಂಡು ರಕ್ತವು ಒಳಕ್ಕೆ ನುಗ್ಗುತ್ತದೆ. ಕೆಲವು ಶಿಶುಗಳಲ್ಲಿ ಹೀಗಾಗುವುದಿಲ್ಲ. ದೊಡ್ಡವರಲ್ಲಿಯೂ ಕೆಲವರಿಗೆ ಈ ನಾಳಗಳು ಕಿರಿದಾಗಿ, ಶ್ವಾಸಕೋಶದ ಅಧಿಕ ರಕ್ತದೊತ್ತಡವೆಂಬ ಕಠಿಣ ರೋಗ ತಲೆದೋರುವುದುಂಟು.

ನಾಳ ಕಿರಿದಾದರೆ ಆಗುವ ಹಾನಿ ಎಷ್ಟೆಂಬುದನ್ನು ಕಾಲೇಜಿನ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಸಣ್ಣ ಕೊಳವೆಯಲ್ಲಿ ಪದರಪದರವಾಗಿ ಹರಿಯುವ ದ್ರವಕ್ಕೆ ಒದಗುವ ಅಡ್ಡಿಯು, ಪಾಯ್ಸಿಲ್ಲೆಯ ನಿಯಮದಂತೆ, ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ತ್ರಿಜ್ಯವು ಐದರಲ್ಲೊಂದು ಪಾಲು ಕುಗ್ಗಿದರೆ ಅಡ್ಡಿಯು ಎರಡೂವರೆ ಪಟ್ಟಿಗೆ ಸಮೀಪವಾಗುತ್ತದೆ. ಅರ್ಧಕ್ಕೆ ಇಳಿದರೆ 16 ಪಟ್ಟು! (ಪಾಯ್ಸಿಲ್ಲೆಯು ವೈದ್ಯನಾಗಿದ್ದನು. ರಕ್ತದ ಓಟವನ್ನು ಕುರಿತು ಯೋಚಿಸುತ್ತಲೇ ಆತನು ಈ ನಿಯಮವನ್ನು ಕಂಡುಕೊಂಡನೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳದೆ ಬಿಡುವುದು ವಿಷಾದಕರ.) ಶ್ವಾಸಕೋಶದ ಧಮನಿಯಲ್ಲಿ ಸರಾಸರಿ ಒತ್ತಡವು ಪಾದರಸದ ಸುಮಾರು 14 ಮಿಲಿಮೀಟರು, 20ನ್ನು ಮೀರಿದರೆ ರೋಗವೆಂದು ಎಣಿಕೆ. ಗೋಡೆ ತೆಳುವಾದ ಹೃದಯದ ಬಲಭಾಗವು ಈ ಹೊರೆಯನ್ನು ಬಹುಕಾಲ ಹೊರಲಾರದು.

ನಾಳಗಳನ್ನು ಸಡಿಲಿಸುವ ವಸ್ತುಗಳಲ್ಲಿ ಮುಖ್ಯವಾದುದು ನೈಟ್ರಿಕ್ ಆಕ್ಸೈಡ್ ಅನಿಲ. ನಾಳದ ಒಳಪದರದ ಜೀವಕೋಶಗಳೇ ಒಂದು ಕಿಣ್ವದ ನೆರವಿನಿಂದ ಇದನ್ನು ತಯಾರಿಸುತ್ತವೆ. ಇದರ ಸಂಶೋಧನೆಗಾಗಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಅನಿಲವನ್ನು ಉಸಿರಿನೊಡನೆ ಕೊಡುವ ಚಿಕಿತ್ಸೆ ಬಳಕೆಯಲ್ಲಿದೆ. ರಕ್ತಕ್ಕೆ ಸೇರಿದೊಡನೆಯೇ ಹಿಮೊಗ್ಲೋಬಿನ್ ಅದನ್ನು ನಿಷ್ಕ್ರಿಯಗೊಳಿಸುವುದರಿಂದ ದೇಹದ ಉಳಿದ ನಾಳಗಳಿಗೆ ಅದು ತಟ್ಟುವುದಿಲ್ಲ. ಆದರೆ ಉಸಿರಾಡುವಷ್ಟು ಹೊತ್ತು ಮಾತ್ರವೇ ಅದರ ಫಲ. ನುಂಗುವ ಮಾತ್ರೆಯ ಫಲ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಅದು ಸರ್ವಾಂಗಕ್ಕೂ ಹರಡಿ, ಅಲ್ಲಿನ ಒತ್ತಡವನ್ನೂ ತಗ್ಗಿಸಬಹುದು.

ಹಾಗಿದ್ದಲ್ಲಿ ಅನಿಲದ ಬದಲು, ಅನಿಲವನ್ನು ತಯಾರಿಸುವ ಕಿಣ್ವದ ವಂಶವಾಹಿಯನ್ನೇ ಶ್ವಾಸಕೋಶಕ್ಕೆ ಕಳುಹಿಸಿದರೆ? ಬೆಲ್ಜಿಯಮಿನ ಜಾನ್ಸೆನ್ಸ್, ಅಮೆರಿಕದ ಬ್ಲಾಕ್ ಮೊದಲಾದವರು ಇದನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದರು. ಮನುಷ್ಯನ ಆ ವಂಶವಾಹಿಯನ್ನು ಹೊತ್ತ ಅಡೆನೊವೈರಸ್ಸನ್ನು ತುಂತುರಾಗಿ ಇಲಿಗಳ ಶ್ವಾಸಕೋಶಕ್ಕೆ ಸೇರಿಸಿದರು. ಬಳಿಕ ಆಮ್ಲಜನಕ ಕಡಮೆಯಿರುವ ಗಾಳಿಯನ್ನು ಕೊಟ್ಟಾಗ ಅವುಗಳ ಶ್ವಾಸಕೋಶದ ನಾಳಗಳು ಉಳಿದ ಇಲಿಗಳಷ್ಟು ಬಿಗಿಯಲಿಲ್ಲ. ದೇಹದ ಸಾಮಾನ್ಯ ರಕ್ತದೊತ್ತಡವೂ ಕುಸಿಯಲಿಲ್ಲ. 2016ರಲ್ಲಿ ಹಜ್ಜಾರ್ ಮತ್ತು ಸಂಗಡಿಗರು ಬೇರೊಂದು ವಂಶವಾಹಿಯನ್ನು, ಎಂದರೆ ಕ್ಯಾಲ್ಸಿಯಮ್ಮನ್ನು ಸಾಗಿಸುವ ಪ್ರೋಟೀನಿನದನ್ನು, ಇದೇ ರೀತಿ ಹಂದಿಗಳಿಗೆ ಕೊಟ್ಟು ಗುಣ ಕಂಡರು.

ಇಲಿಗೆ ಒಗ್ಗಿದ್ದು ಮನುಷ್ಯನಿಗೇಕೆ ಬೇಗನೆ ಬರಲಿಲ್ಲ? ಹೊರಗಿನ ವಸ್ತುಗಳನ್ನು ತಡೆಯುವುದರಲ್ಲಿ ಶ್ವಾಸಕೋಶವು ಬಲು ನಿಪುಣ. ತುಂತುರಿನ ಹನಿಯು 5 ಮೈಕ್ರಾನಿಗಿಂತ ದಪ್ಪವಾದರೆ ಹೆಚ್ಚಾಗಿ ಗಂಟಲಲ್ಲೇ ಅಂಟುತ್ತದೆ. ತೀರ ಸೂಕ್ಷ್ಮವಾದರೆ ಬಹುಪಾಲು ಉಸಿರಿನೊಡನೆ ಹೊರಬೀಳುತ್ತದೆ. ಒಳಹೊಕ್ಕುದನ್ನು ಲೋಳೆಯು ಹಿಡಿದು ಮೇಲಕ್ಕೆ ತಳ್ಳುತ್ತದೆ. ಇವನ್ನೆಲ್ಲ ದಾಟಿದ ಅಡೆನೊವೈರಸ್ಸಿನ ಫಲವು ಕೆಲವು ದಿನ ಅಥವಾ ವಾರಗಳಲ್ಲಿ ಮಾಸುತ್ತದೆ. ಎರಡನೆಯ ಸಲ ಕೊಡುವ ವೇಳೆಗೆ ದೇಹವು ಅದರ ಗುರುತು ಹಿಡಿದಿರುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಇನ್ನೊಂದು ರೋಗಕ್ಕೆ ಬ್ರಿಟನ್ನಿನಲ್ಲಿ ವೈರಸ್ಸನ್ನು ಬಿಟ್ಟು, ಕೊಬ್ಬಿನ ಕಣಗಳಲ್ಲಿ ವಂಶವಾಹಿಯನ್ನಿಟ್ಟು ತಿಂಗಳಿಗೊಮ್ಮೆಯಂತೆ ಒಂದು ವರ್ಷ ರೋಗಿಗಳಿಗೆ ಕೊಟ್ಟರು. 2015ರಲ್ಲಿ ಹೊರಬಂದ ಫಲಿತಾಂಶದಂತೆ, ಔಷಧಿಯಿಲ್ಲದ ತುಂತುರನ್ನು ಪಡೆದವರಿಗಿಂತ ಇವರ ಶ್ವಾಸಶಕ್ತಿ ಶೇಕಡಾ 3.7ರಷ್ಟು ಮೇಲಾಗಿತ್ತು. ಅಲ್ಪವೆಂದರೆ ಅಲ್ಪವೇ, ಆದರೆ ಸೊನ್ನೆಯಲ್ಲ.

ವೆಲ್ಲೂರಿನಲ್ಲಿ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗವಾದ ಕಾಂಡಕೋಶ ಕೇಂದ್ರವೊಂದಿದೆ. ಅಲ್ಲಿ ಹಿಮೊಫೀಲಿಯಾ ರೋಗಿಗಳು ಐವರಿಗೆ ವಂಶವಾಹಿ ಚಿಕಿತ್ಸೆ ಕೊಟ್ಟು ರಕ್ತಸ್ರಾವವನ್ನು ನಿಲ್ಲಿಸಿದ ವರದಿ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅಲ್ಲಿ ರಕ್ತದ ಕಾಂಡಕೋಶಗಳನ್ನು ಹೊರತೆಗೆದು, ತಿದ್ದಿ, ಮರಳಿ ಸೇರಿಸಿದರು. ಶ್ವಾಸಕೋಶವನ್ನು ಹಾಗೆ ಹೊರತೆಗೆದು ತಿದ್ದುವಂತಿಲ್ಲ. ಅದು ಉಸಿರಾಡುತ್ತಿರುವಾಗಲೇ, ಆ ಉಸಿರಿನಲ್ಲಿಯೇ ಔಷಧಿಯು ಒಳಹೋಗಬೇಕು.