ಮಿತಿ ಎಂಬ ಸಂಖ್ಯೆ: ಕುಡಿಯುವ ನೀರಿನ ಪಿಫಾಸ್ ಮಾಲಿನ್ಯ ಮತ್ತು ಸರಕಾರಗಳು

ನೀರನ್ನು ಪರೀಕ್ಷಿಸುವ ನಮ್ಮ ಪರಂಪರಾಗತ ಕ್ರಮಗಳೆಲ್ಲ ಇಂದ್ರಿಯಗಳನ್ನು ನಂಬಿದವು. ಬಣ್ಣ, ವಾಸನೆ, ರುಚಿ ಈ ಮೂರೂ ಸರಿಯಾಗಿದ್ದರೆ ಬಾವಿಯ ನೀರು ಒಳ್ಳೆಯದು. ಸಂದೇಹ ಬಂದರೆ ಬಟ್ಟೆಯಲ್ಲಿ ಸೋಸಿ, ಕುದಿಸಿ ಆರಿಸಿ ಕುಡಿಯಬೇಕು. ಕಾಲರಾ, ವಿಷಮಶೀತಜ್ವರಗಳ ಭಯ ಹಬ್ಬಿದ ಮೇಲೆ ನಗರಸಭೆಗಳು ಇದಕ್ಕೆ ಕ್ಲೋರಿನ್ನನ್ನು ಸೇರಿಸಿದವು. ಆದರೆ ಇಪ್ಪತ್ತನೆಯ ಶತಮಾನ ನೀರಿಗೆ ಬೆರೆಸಿದ ಕೆಲವು ವಸ್ತುಗಳು ಈ ಯಾವ ಉಪಾಯಕ್ಕೂ ಬಗ್ಗುವುದಿಲ್ಲ. ಪರ್‌ಫ್ಲೋರೋ ಮತ್ತು ಪಾಲಿಫ್ಲೋರೋ ಆಲ್ಕೈಲ್ ವಸ್ತುಗಳು, ಸಂಕ್ಷೇಪವಾಗಿ ಪಿಫಾಸ್, ಅಂಥವು. ಅವುಗಳಿಗೆ ಬಣ್ಣವಿಲ್ಲ, ಕುಡಿಯುವ ನೀರಿನಲ್ಲಿ ದೊರೆಯುವ ಪ್ರಮಾಣದಲ್ಲಿ ರುಚಿ ವಾಸನೆಗಳೂ ತಿಳಿಯುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಹೆಚ್ಚುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ. ಹೀಗಾಗಿ ತನ್ನ ಮನೆಯ ನಲ್ಲಿಯ ನೀರು ಕುಡಿಯಲು ಯೋಗ್ಯವೇ ಎಂಬುದನ್ನು ನಾಗರಿಕನು ಸ್ವತಃ ತಿಳಿಯಲಾರ. ಪ್ರಯೋಗಾಲಯವೊಂದು ಅಳೆಯಬೇಕು, ಸರಕಾರವೊಂದು ಇಷ್ಟಕ್ಕಿಂತ ಹೆಚ್ಚಿರಬಾರದೆಂದು ಸಂಖ್ಯೆಯನ್ನು ಗೊತ್ತುಪಡಿಸಬೇಕು. ಆ ಸಂಖ್ಯೆಯನ್ನು ಯಾರು, ಯಾವಾಗ, ಯಾವ ಆಧಾರದಿಂದ ನಿರ್ಧರಿಸಿದರು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಫ್ಲೋರಿನ್ ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಕೋಲಾರ, ರಾಯಚೂರು ಕಡೆಯ ಕೊಳವೆಬಾವಿಗಳ ಫ್ಲೋರೈಡ್, ಅದರಿಂದ ಕಲೆಗಟ್ಟಿದ ಹಲ್ಲು, ಬಾಗಿದ ಮೂಳೆ. ಅದು ಬಂಡೆಯಿಂದ ಕರಗಿ ಬರುವ ಲವಣ. ಪಿಫಾಸ್ ಹಾಗಲ್ಲ, ಅವು ಸಂಪೂರ್ಣವಾಗಿ ಮನುಷ್ಯನಿರ್ಮಿತ. ಇಂಗಾಲದ ಸರಪಳಿಗೆ ಹೈಡ್ರೋಜನ್ ಇರಬೇಕಾದೆಡೆ ಫ್ಲೋರಿನ್ನನ್ನು ಕೂಡಿಸಿದಾಗ ದೊರೆಯುವ ಬಂಧ ಸಾವಯವ ರಸಾಯನಶಾಸ್ತ್ರದಲ್ಲಿ ಅತ್ಯಂತ ಬಲವಾದವುಗಳಲ್ಲಿ ಒಂದು. ಬಿಸಿಲು, ಸೂಕ್ಷ್ಮಜೀವಿ, ಆಮ್ಲ ಯಾವುದೂ ಅದನ್ನು ಸುಲಭವಾಗಿ ಮುರಿಯಲಾರದು. ನೀರನ್ನೂ ಎಣ್ಣೆಯನ್ನೂ ದೂರವಿಡುವ ಈ ಗುಣದಿಂದಲೇ ಅವು ಅಂಟದ ಬಾಣಲೆ, ಕಲೆ ಹಿಡಿಯದ ಬಟ್ಟೆ, ವಿಮಾನ ನಿಲ್ದಾಣಗಳ ಬೆಂಕಿ ಆರಿಸುವ ನೊರೆ ಮುಂತಾದವುಗಳಲ್ಲಿ ಸ್ಥಾನ ಪಡೆದವು. ದೇಹವನ್ನು ಸೇರಿದ ಮೇಲೂ ಅವು ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡು ವರ್ಷಗಟ್ಟಲೆ ಉಳಿಯುತ್ತವೆ. ಇಂಗ್ಲಿಷಿನಲ್ಲಿ ಇವನ್ನು 'ಶಾಶ್ವತ ರಾಸಾಯನಿಕ'ಗಳೆಂದು ಕರೆಯುವುದು ರೂಢಿಯಾಗಿದೆ. ಅಕ್ಷಯ, ಅಕ್ಷರ, ಅವಿನಾಶಿ ಎಂಬ ಪದಗಳನ್ನು ಮಂಗಳಾರ್ಥದಲ್ಲಿಯೇ ಬಳಸುತ್ತ ಬಂದ ನಮ್ಮ ಭಾಷೆಯಲ್ಲಿ ಇದಕ್ಕೊಂದು ಹೆಸರಿಡುವುದು ಕಷ್ಟ. 'ಅಳಿಯದ ರಾಸಾಯನಿಕ' ಎಂದರೆ ಸಾಕೆಂದು ತೋರುತ್ತದೆ.

ಪ್ರಮಾಣದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಇವನ್ನು ನ್ಯಾನೋಗ್ರಾಂ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಗ್ರಾಮಿಗೆ 100 ಕೋಟಿ ನ್ಯಾನೋಗ್ರಾಂ. ಒಂದು ಗ್ರಾಂ ವಸ್ತುವನ್ನು 25 ಕೋಟಿ ಲೀಟರ್ ನೀರಿನಲ್ಲಿ ಕರಗಿಸಿದರೆ ಪ್ರತಿ ಲೀಟರಿನಲ್ಲಿ 4 ನ್ಯಾನೋಗ್ರಾಂ ಇರುತ್ತದೆ. ಮುಂದೆ ಬರುವ ಸಂಖ್ಯೆಗಳೆಲ್ಲ ಒಂದು ಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂಬ ಲೆಕ್ಕದವು.

ಈ ಚರಿತ್ರೆಯಲ್ಲಿ ಅತ್ಯಂತ ವಿವರವಾಗಿ ದಾಖಲೆಗೊಂಡ ಸ್ಥಳ ಅಮೆರಿಕದ ವೆಸ್ಟ್ ವರ್ಜೀನಿಯ ರಾಜ್ಯದಲ್ಲಿ ಓಹಾಯೋ ನದಿಯ ದಡದಲ್ಲಿರುವ ಪಾರ್ಕರ್ಸ್‌ಬರ್ಗ್. ಟೆಫ್ಲಾನ್ ಎಂದು ಪ್ರಸಿದ್ಧವಾದ ವಸ್ತುವನ್ನು 1938ರಲ್ಲಿ ಡ್ಯುಪಾಂಟ್ ಕಂಪೆನಿಯ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದರು. ಅದರ ತಯಾರಿಕೆಗೆ ನೆರವಾಗಲೆಂದು ಪಾರ್ಕರ್ಸ್‌ಬರ್ಗ್ ಬಳಿಯ ಕಾರ್ಖಾನೆಯಲ್ಲಿ 1951ರಿಂದ ಪಿಎಫ್‌ಒಎ ಎಂಬ ಪಿಫಾಸ್ ವಸ್ತುವನ್ನು ಬಳಸಲಾಯಿತು. ಕಾರ್ಖಾನೆಯವರು ಅದನ್ನು ಸಿ-8 ಎನ್ನುತ್ತಿದ್ದರು. 1984ರಲ್ಲಿಯೇ ಕಂಪೆನಿ ಸುತ್ತಲಿನ ಊರುಗಳ ನಲ್ಲಿನೀರನ್ನು ಸದ್ದಿಲ್ಲದೆ ತರಿಸಿ ಪರೀಕ್ಷಿಸಿ, ಸಿ-8 ಇರುವುದನ್ನು ಕಂಡುಕೊಂಡಿತ್ತು. 1991ರಲ್ಲಿ ಕುಡಿಯುವ ನೀರಿಗೆ ತನ್ನ ಆಂತರಿಕ ಮಿತಿಯೊಂದನ್ನು ಗೊತ್ತುಪಡಿಸಿಕೊಂಡಿತು: 1,000 ನ್ಯಾನೋಗ್ರಾಂ. ಆ ನೀರನ್ನು ಕುಡಿಯುತ್ತಿದ್ದವರಿಗೆ ಇದಾವುದೂ ತಿಳಿದಿರಲಿಲ್ಲ.

ಸರಕಾರಕ್ಕೇಕೆ ತಿಳಿಯಲಿಲ್ಲ? ಅಮೆರಿಕದಲ್ಲಿ ವಿಷಕಾರಿ ವಸ್ತುಗಳ ನಿಯಂತ್ರಣ ಕಾಯಿದೆ ಬಂದದ್ದು 1976ರಲ್ಲಿ. ಆ ವೇಳೆಗಾಗಲೇ ಬಳಕೆಯಲ್ಲಿದ್ದ ಸುಮಾರು 60 ಸಾವಿರ ರಾಸಾಯನಿಕಗಳನ್ನು ಕಾಯಿದೆ ಪರೀಕ್ಷೆಯಿಲ್ಲದೆ ಒಪ್ಪಿಕೊಂಡಿತು. ಅವುಗಳಲ್ಲೊಂದು ಅಪಾಯಕಾರಿ ಎಂಬ ಸಾಕ್ಷ್ಯ ಕಂಪೆನಿಗೆ ದೊರೆತರೆ ಅದು ತಾನಾಗಿ ತಿಳಿಸಬೇಕು, ಆಮೇಲೆ ಸರಕಾರ ವಿಚಾರಿಸುತ್ತದೆ; ಇದು ವ್ಯವಸ್ಥೆ. ಅಂದರೆ ತಿಳಿವಳಿಕೆಯ ಕೀಲಿಕೈ ತಯಾರಕನ ಬಳಿಯಲ್ಲಿಯೇ ಉಳಿಯಿತು.

ಅದು ಹೊರಬಿದ್ದದ್ದು ಒಬ್ಬ ರೈತನಿಂದ. ಕಂಪೆನಿಯ ತ್ಯಾಜ್ಯ ಸುರಿಯುವ ಹಳ್ಳದ ನೀರು ಕುಡಿದು ಆತನ ದನಗಳು ಒಂದೊಂದಾಗಿ ಸತ್ತವು. ಸತ್ತ ದನಗಳ ಚಿತ್ರಗಳನ್ನು ಹಿಡಿದುಕೊಂಡು ಆತ 1998ರಲ್ಲಿ ರಾಬರ್ಟ್ ಬಿಲೊಟ್ ಎಂಬ ವಕೀಲರಲ್ಲಿಗೆ ಹೋದ. ಬಿಲೊಟ್ ಅವರು ಅದುವರೆಗೆ ರಾಸಾಯನಿಕ ಕಂಪೆನಿಗಳ ಪರವಾಗಿ ಕೆಲಸ ಮಾಡುತ್ತಿದ್ದವರೆಂಬುದು ಗಮನಿಸತಕ್ಕ ಸಂಗತಿ. ನ್ಯಾಯಾಲಯದ ಆದೇಶದಿಂದ ದೊರೆತ ಲಕ್ಷಕ್ಕೂ ಮಿಕ್ಕಿದ ಪುಟಗಳನ್ನು ಓದಿ ಅವರು ಮೇಲಿನ ಚರಿತ್ರೆಯನ್ನು ಹೊರತೆಗೆದರು. 2001ರಲ್ಲಿ ಆರು ನೀರು ಸರಬರಾಜು ಪ್ರದೇಶಗಳ ಜನರ ಪರವಾಗಿ ಮೊಕದ್ದಮೆ ಹೂಡಲಾಯಿತು. ಆಗ ರಾಜ್ಯ ಸರಕಾರ ಒಂದು ತಜ್ಞಮಂಡಳಿಯನ್ನು ನೇಮಿಸಿತು. ಅದರಲ್ಲಿ ಕಂಪೆನಿಯ ವಿಜ್ಞಾನಿಗಳೂ ಇದ್ದರು. 2002ರಲ್ಲಿ ಮಂಡಳಿ ಪ್ರಕಟಿಸಿದ ಸುರಕ್ಷಿತ ಮಿತಿ 1,50,000 ನ್ಯಾನೋಗ್ರಾಂ. ಕಂಪೆನಿ ತಾನೇ ಒಪ್ಪಿಕೊಂಡಿದ್ದ ಮಿತಿಯ 150 ಪಟ್ಟು! ಜನರ ರಕ್ಷಣೆಗೆಂದು ನೇಮಕವಾದ ಮಂಡಳಿ ಅಪರಾಧದ ಆರೋಪ ಹೊತ್ತವನಿಗಿಂತಲೂ ಉದಾರವಾದ ಈ ಪ್ರಸಂಗವನ್ನು ನಾನು ಇಡೀ ವಿಷಯದ ತಿರುಳೆಂದು ಭಾವಿಸುತ್ತೇನೆ. ಮಿತಿಯನ್ನು ಏರಿಸಿದರೆ ಒಂದು ಹನಿ ನೀರನ್ನೂ ಶುದ್ಧಮಾಡದೆ ಇಡೀ ಜಿಲ್ಲೆಯ ನೀರನ್ನು ಶುದ್ಧವೆಂದು ಸಾರಬಹುದು.

2004ರ ರಾಜಿಯಲ್ಲಿ ಬಂದ ಹಣವನ್ನು ಊರಿನವರು ವಿನಿಯೋಗಿಸಿದ ರೀತಿ ವಿಶಿಷ್ಟವಾದದ್ದು. ರಕ್ತಪರೀಕ್ಷೆಗೆ ಬಂದವರಿಗೆ 400 ಡಾಲರುಗಳೆಂದು ಗೊತ್ತುಮಾಡಲಾಯಿತು. ಸುಮಾರು 69 ಸಾವಿರ ಜನ ಬಂದರು. ಉಭಯಪಕ್ಷಗಳೂ ಒಪ್ಪಿದ ಮೂವರು ವಿಜ್ಞಾನಿಗಳ ಮಂಡಳಿ ಏಳೆಂಟು ವರ್ಷ ಅಧ್ಯಯನ ನಡೆಸಿ, 2012ರ ವೇಳೆಗೆ ಆರು ವ್ಯಾಧಿಗಳೊಂದಿಗೆ ಸಿ-8ಕ್ಕೆ ಸಂಭಾವ್ಯ ಸಂಬಂಧವಿದೆಯೆಂದು ಹೇಳಿತು: ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ರೋಗ, ಕರುಳಿನ ಹುಣ್ಣಿನ ಕೊಲೈಟಿಸ್, ಅಧಿಕ ಕೊಲೆಸ್ಟರಾಲ್, ಬಸಿರಿನ ರಕ್ತದೊತ್ತಡ. 2017ರಲ್ಲಿ ಸುಮಾರು 3,550 ದಾವೆಗಳು 67 ಕೋಟಿ 10 ಲಕ್ಷ ಡಾಲರುಗಳಿಗೆ ಇತ್ಯರ್ಥವಾದವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2023ರಲ್ಲಿ ಪಿಎಫ್‌ಒಎಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿತು.

ಕೇಂದ್ರ ಸರಕಾರದ ಪರಿಸರ ಸಂರಕ್ಷಣಾ ಸಂಸ್ಥೆ ಪಿಎಫ್‌ಒಎಗೆ ಕೊಟ್ಟ ಸಲಹಾ ಮಿತಿ 2009ರಲ್ಲಿ 400 ನ್ಯಾನೋಗ್ರಾಂ. 2016ರಲ್ಲಿ, ಪಿಎಫ್‌ಒಎಸ್ ಎಂಬ ಅದರ ಸಹೋದರವೂ ಸೇರಿ, 70. ಸಲಹೆಗೆ ಕಾಯಿದೆಯ ಬಲವಿಲ್ಲ. ಬಲವುಳ್ಳ ಮಿತಿ ಬಂದದ್ದು 2024ರ ಏಪ್ರಿಲಿನಲ್ಲಿ: ಈ ಎರಡಕ್ಕೂ ತಲಾ 4. ಕಾರ್ಖಾನೆ ತನ್ನ ನೆರೆಯ ನೀರನ್ನು ಪರೀಕ್ಷಿಸಿ ಆಗ ನಲವತ್ತು ವರ್ಷ ಕಳೆದಿತ್ತು. ಜಲಮಂಡಳಿಗಳು 2029ರೊಳಗೆ ಅದನ್ನು ಪಾಲಿಸಬೇಕೆಂದಿತ್ತು. 2025ರ ಮೇ ತಿಂಗಳಲ್ಲಿ ಅದೇ ಸಂಸ್ಥೆ ಗಡುವನ್ನು 2031ಕ್ಕೆ ಮುಂದೂಡುವುದಾಗಿಯೂ, ಉಳಿದ ಕೆಲವು ಪಿಫಾಸ್‌ಗಳ ಮಿತಿಗಳನ್ನು ಹಿಂತೆಗೆದುಕೊಳ್ಳುವುದಾಗಿಯೂ ಪ್ರಕಟಿಸಿತು. ಇಂಗಾಲದ ಸೋಸುಗಳು, ಅಯಾನು ವಿನಿಮಯ, ಪೊರೆಯ ಮೂಲಕ ಒತ್ತಿ ಶೋಧಿಸುವ ಆರ್‌ಒ ಇವುಗಳಿಂದ ಪಿಫಾಸ್ ತೆಗೆಯಲು ಸಾಧ್ಯ. ಆದರೆ ಖರ್ಚು ನೀರಿನ ತೆರಿಗೆ ಕಟ್ಟುವವನದು. ಸೋಸಿ ತೆಗೆದ ವಿಷವನ್ನು ಎಲ್ಲಿಡಬೇಕೆಂಬ ಪ್ರಶ್ನೆ ಬೇರೆ.

ಯುರೋಪಿನ ಎರಡು ಪ್ರಕರಣಗಳು ಬೇರೊಂದು ದಾರಿಯನ್ನು ತೋರುತ್ತವೆ. ಸ್ವೀಡನ್ನಿನ ರೊನ್ನೆಬಿಯಲ್ಲಿ ವಾಯುನೆಲೆಯ ಬೆಂಕಿನೊರೆಯಿಂದ ನೀರು ಕೆಟ್ಟದ್ದು 2013ರ ಡಿಸೆಂಬರಿನಲ್ಲಿ ತಿಳಿಯಿತು. ಆ ಜಲಾಗಾರವನ್ನು ಕೂಡಲೇ ಮುಚ್ಚಲಾಯಿತು. ರೋಗ ಬಂದಿಲ್ಲವಲ್ಲ, ಹಾನಿಯೇನು ಎಂಬುದು ಪುರಸಭೆಯ ಜಲಸಂಸ್ಥೆಯ ವಾದ. 2023ರ ಡಿಸೆಂಬರಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ, ರಕ್ತದಲ್ಲಿ ಪಿಫಾಸ್ ಪ್ರಮಾಣ ಅಧಿಕವಾಗಿರುವುದೇ ದೇಹಕ್ಕಾದ ಹಾನಿ ಎಂದು ತೀರ್ಪಿತ್ತಿತು. ಪಾರ್ಕರ್ಸ್‌ಬರ್ಗಿನವರು ಹನ್ನೊಂದು ವರ್ಷ ಸಾಧಿಸಲು ಹೆಣಗಿದ ರೋಗ-ಕಾರಣ ಸಂಬಂಧ ಇಲ್ಲಿ ಅನಿವಾರ್ಯವಾಗಲಿಲ್ಲ.

ಇಟಲಿಯ ವೆನೆಟೊ ಪ್ರಾಂತದಲ್ಲಿ ತ್ರಿಸ್ಸಿನೊ ಎಂಬ ಊರಿನ ಮಿತೆನಿ ಕಾರ್ಖಾನೆಯಿಂದ ಅಂತರ್ಜಲ ಕೆಟ್ಟದ್ದು 2013ರಲ್ಲಿ ಪ್ರಕಟವಾಯಿತು. ಮೂರು ಲಕ್ಷಕ್ಕೂ ಹೆಚ್ಚು ಜನರ ನೀರು ಅದು. ಮಕ್ಕಳ ರಕ್ತಪರೀಕ್ಷೆಯ ವರದಿಗಳನ್ನು ಕೈಯಲ್ಲಿ ಹಿಡಿದ ತಾಯಂದಿರು ಸಂಘಟಿತರಾದರು. 2025ರ ಜೂನಿನಲ್ಲಿ ವಿಚೆಂಜಾ ನ್ಯಾಯಾಲಯ ಕಾರ್ಖಾನೆಗೆ ಸಂಬಂಧಿಸಿದ 11 ಅಧಿಕಾರಿಗಳಿಗೆ ಸೆರೆವಾಸ ವಿಧಿಸಿತು.

ಮಿತೆನಿಯ ಕಥೆ ಅಲ್ಲಿಗೆ ನಿಲ್ಲದೆ ನಮ್ಮತ್ತ ತಿರುಗುತ್ತದೆ. 2018ರಲ್ಲಿ ಅದು ದಿವಾಳಿಯಾಯಿತು. ಅದರ ಯಂತ್ರಗಳನ್ನೂ ತಾಂತ್ರಿಕ ಹಕ್ಕುಗಳನ್ನೂ 2019ರಲ್ಲಿ ಭಾರತೀಯ ಕಂಪೆನಿಯೊಂದು ಕೊಂಡು, ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಲೋಟೆ ಕೈಗಾರಿಕಾ ಪ್ರದೇಶಕ್ಕೆ ಸಾಗಿಸಿತು. ಮುಂಬಯಿಯಿಂದ ಕೊಂಕಣ ರೈಲಿನಲ್ಲಿ ಊರಿಗೆ ಹೋಗುವ ಕನ್ನಡಿಗರು ಖೇಡ್ ದಾಟಿ ಚಿಪ್ಳೂಣ್ ತಲುಪುವಷ್ಟರಲ್ಲಿ ಆ ಪ್ರದೇಶವನ್ನು ಹಾದುಹೋಗಿರುತ್ತಾರೆ. ಕಾರ್ಖಾನೆ ಇದ್ದಮಾತ್ರಕ್ಕೆ ನೀರು ಕೆಟ್ಟಿದೆಯೆಂದು ಹೇಳಲಾಗದು. ಅಳೆಯದೆ ಕೆಟ್ಟಿಲ್ಲವೆಂದೂ ಹೇಳಲಾಗದು. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆಂದು 2012ರಲ್ಲಿ ಪರಿಷ್ಕರಿಸಿದ 10500ನೆಯ ಮಾನಕದಲ್ಲಿ ಆರ್ಸೆನಿಕ್ಕಿಗೆ ಮಿತಿಯಿದೆ, ಸೀಸಕ್ಕಿದೆ, ಕೀಟನಾಶಕಗಳಿಗಿದೆ. ಫ್ಲೋರೈಡಿಗೆ ಲೀಟರಿಗೆ 1 ಮಿಲಿಗ್ರಾಂ ಎಂದಿದೆ. ಪಿಫಾಸ್ ಎಂಬ ಸಾಲು ಆ ಪಟ್ಟಿಯಲ್ಲಿಲ್ಲ.